ಬೀರಪ್ಪನ ಪರದೆ

ಅನಗವಾಡಿ ದಾಟಿ ಗುಡ್ಡದ ಕಡೆ ಹೋದರೆ ಸಿಗುವ ಬೀರಗುಡ್ಡಿಯಲ್ಲಿ ನೀರು ಎರಡು ಜಾತಿಯದಿತ್ತು. ಒಂದು ಮೆಟ್ಟಿಲು ಬಾವಿಯ ಸಿಹಿನೀರು, ಇನ್ನೊಂದು ಸಾಲಿಯ ಮುಂದಿನ ಬೋರಿಂಗಿನ ಸವಳು ನೀರು. ಬಾವಿಯ ನೀರಿನಲ್ಲಿ ತೊಗರಿ ಬೇಳೆ ಬೇಯುತ್ತಿತ್ತು ಅಂದರೆ ಬಾವಿಗೆ ಅವಮಾನ. ಆ ನೀರು ಕೊಡದಲ್ಲಿ ತುಳುಕಿದ ಸಪ್ಪಳ ಕೇಳಿದರೇ ಸಾಕು, ಬೇಳೆ ಡಬ್ಬಿಯೊಳಗೇ ಮೆತ್ತಗಾಗುತ್ತಿತ್ತು. ಬೋರಿಂಗಿನ ನೀರಿನದು ಬೇರೆ ಕಥೆ. ಭೀಮಪ್ಪನ ಹೆಂಡತಿ ಒಮ್ಮೆ ಆ ನೀರಿನಲ್ಲಿ ಬೇಳೆಗಿಟ್ಟು ಮಹಾಲಿಂಗಪುರದ ತವರಿಗೆ ಹೋದಳು. ತಮ್ಮನ ಮದುವೆ ಮುಗಿಸಿ, ಬೀಗರ ಕೂಡ ಜಗಳಾಡಿ, ಬಸ್ಸು ತಪ್ಪಿಸಿಕೊಂಡು, ಮರುದಿನ ಮನೆಗೆ ಬಂದು ನೋಡಿದರೆ ಬೇಳೆ ಇಟ್ಟ ಹಾಗೇ ಇತ್ತು. ಅದರಲ್ಲಿ ಒಂದು ಹಿಡಿ ಹಿತ್ತಲಲ್ಲಿ ಬಿತ್ತಿದರು, ಬೆಳೆ ಬಂತು ಅನ್ನುವವರೂ ಇದ್ದಾರೆ. ಅಷ್ಟು ನಾನು ನಂಬುವುದಿಲ್ಲ.

ಜಕ್ಕಪ್ಪನ ಮನೆಯಲ್ಲಿ ಇದು ನೀರಿನ ಮಾತಷ್ಟೇ ಆಗಿರಲಿಲ್ಲ, ಒಲೆಯ ಮಾತೂ ಆಗಿತ್ತು. ಅವರದು ಕುರಿ ಕಾಯುವ ಮನೆತನ. ದನ ಇಲ್ಲ, ಆದ್ದರಿಂದ ಉರಿಸಲು ಸಗಣಿಯ ಕುಳ್ಳೂ ಇಲ್ಲ. ಕುರಿಯ ಹಿಕ್ಕೆ ಹೊಲದವರಿಗೆ ಗೊಬ್ಬರವಾಗಿ ಹೋಗುತ್ತಿತ್ತು, ಅದರ ಬದಲಿಗೆ ಜೋಳ ಬರುತ್ತಿತ್ತು. ಹೀಗಾಗಿ ಒಲೆಗೆ ಸೊಸೆ ಹಣಮವ್ವ ಗುಡ್ಡದಿಂದ ತಲೆಯ ಮೇಲೆ ಹೊತ್ತು ತಂದ ಜಾಲಿ ಕಟ್ಟಿಗೆಯೇ ಗತಿ. ಬೋರಿಂಗಿನ ನೀರಿಗೆ ಬೇಳೆ ಹಾಕಿದರೆ ಒಂದು ಹೊತ್ತಿನ ಅಡಿಗೆಗೆ ಎರಡು ಹೊತ್ತಿನ ಕಟ್ಟಿಗೆ ಸುಡುತ್ತಿತ್ತು. ಅದಕ್ಕೇ ಅತ್ತೆ ಸಾತವ್ವ ಬೋರಿಂಗನ್ನು ಮನೆಹಾಳ ಎಂದು ಕರೆಯುತ್ತಿದ್ದಳು.

ಮನೆಯಲ್ಲಿ ಇನ್ನೊಂದು ಒಲೆಯೂ ಇತ್ತು. ಯಾರೋ ಬಂದು ಓಣಿಯಲ್ಲಿ ನಾಲ್ಕು ಮನೆಗೆ ಹೊಗೆ ಇಲ್ಲದ ಒಲೆ ಕಟ್ಟಿಕೊಟ್ಟು, ಫೋಟೋ ತೆಗೆದುಕೊಂಡು ಹೋಗಿದ್ದರು. ಕಟ್ಟಿಗೆ ಅರ್ಧ ಸಾಕು ಎಂದಿದ್ದರು. ಆದರೆ ಅದರ ಬಾಯಿ ಸಣ್ಣದು, ಕಟ್ಟಿಗೆಯನ್ನು ಗೇಣುದ್ದ ಕಡಿದು ಇಡಬೇಕು. ಹೊಗೆ ಏಳದಿದ್ದರೆ ಈ ಮನೆಯಲ್ಲಿ ಅಡಿಗೆ ಆಗುತ್ತಿದೆ ಎಂದು ಓಣಿಗೆ ಹೇಗೆ ಗೊತ್ತಾಗಬೇಕು ಎಂದು ಸಾತವ್ವ ಕೇಳಿದಳು. ಬೆಕ್ಕು ಅದರಲ್ಲಿ ಮರಿ ಹಾಕಿತು. ಆ ಯೋಜನೆಯಿಂದ ಮನೆಯಲ್ಲಿ ಉದ್ಧಾರ ಆದದ್ದು ಬೆಕ್ಕು ಒಂದೇ.

ಹಿಂದಿನ ಬೇಸಿಗೆಯಲ್ಲಿ ನರ್ಸಬಾಯಿ ಶಿವಗಂಗವ್ವ ಊರಿಗೆ ಬಂದಿದ್ದಳು. ಓಣಿಯಲ್ಲಿ ಇಬ್ಬರಿಗೆ ನಾರುಹುಣ್ಣು ಆಗಿತ್ತು: ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಒಳಗಿನಿಂದ ಬಿಳಿ ನೂಲಿನಂಥ ಹುಳ ಹೊರಗೆ ಬರುವ ರೋಗ. ಬಾವಿ ನೀರಿನಲ್ಲಿ ಕಣ್ಣಿಗೆ ಕಾಣಿಸಿಯೂ ಕಾಣದಂಥ ಸಣ್ಣ ಜೀವ ಇರುತ್ತದೆ, ಅದರ ಹೊಟ್ಟೆಯಲ್ಲಿ ಈ ಹುಳದ ಮರಿ ಇರುತ್ತದೆ, ಇಂದು ಕುಡಿದರೆ ಮುಂದಿನ ವರ್ಷ ಕಾಲಿನಿಂದ ಹೊರಡುತ್ತದೆ ಎಂದು ಅವಳು ಮನೆ ಮನೆಗೆ ಹೇಳಿದಳು. ನೀರು ಕಾಯಿಸಿ ಕುಡಿಯಿರಿ ಎಂದಳು. ಕುಡಿಯುವ ನೀರೆಲ್ಲ ಕಾಯಿಸಿದರೆ ಗುಡ್ಡದ ಮೇಲೆ ಜಾಲಿ ಉಳಿಯುವುದಿಲ್ಲ, ಸೊಸೆಯ ತಲೆಯ ಮೇಲೆ ಕೂದಲೂ ಉಳಿಯುವುದಿಲ್ಲ ಎಂದ ಜಕ್ಕಪ್ಪ. ಹಾಗಾದರೆ ಸೋಸಿಯಾದರೂ ಕುಡಿಯಿರಿ ಎಂದು ಅವಳು ಮನೆಗೊಂದು ಬಿಳಿಯ ನೈಲಾನ್ ಬಟ್ಟೆ ಪುಕ್ಕಟೆ ಕೊಟ್ಟು ಹೋದಳು.

ಸಾತವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ಚಂದದ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟುವುದೇ? ಅವಳು ಅದನ್ನು ಜಗಲಿಯ ಮೇಲಿದ್ದ ಬೀರಪ್ಪನ ಮುಂದೆ ಪರದೆಯಾಗಿ ಕಟ್ಟಿದಳು. ದೇವರು ಹೊರಗೆ ನೋಡಬಹುದಿತ್ತು, ನೊಣ ಒಳಗೆ ಹೋಗುವಂತಿರಲಿಲ್ಲ. ಇಬ್ಬರಿಗೂ ಅನುಕೂಲ.

ಹಾಗೆಂದು ಜಕ್ಕಪ್ಪ ನೀರು ಸೋಸದೆ ಬಿಟ್ಟವನಲ್ಲ. ಅವನು ಬೀರಪ್ಪನ ಪೂಜಾರಿ. ಓಣಿಗೆಲ್ಲ ತೀರ್ಥ ಕೊಡುವ ಕೈ. ಕಂಬಳಿಗೆ ಮೈಲಿಗೆ ಇಲ್ಲ ಎಂದು ಅವನ ಮುತ್ತ್ಯಾನ ಕಾಲದಿಂದ ಮಾತಿದೆ. ಮದುವೆಗೂ ಕಂಬಳಿ, ಹೆರಿಗೆಗೂ ಕಂಬಳಿ, ದೇವರಿಗೂ ಕಂಬಳಿ. ಹೊಸ ಕರಿ ಕಂಬಳಿಯ ತುಂಡೊಂದನ್ನು ಕೊಡದ ಬಾಯಿಗೆ ಕಟ್ಟಿ, ವರ್ಷವಿಡೀ ಕುಡಿಯುವ ನೀರನ್ನೂ ತೀರ್ಥವನ್ನೂ ಅವನು ಅದರಲ್ಲೇ ಸೋಸಿದ. ಊರಿನಲ್ಲಿ ಇಷ್ಟು ನಿಷ್ಠೆಯಿಂದ ನೀರು ಸೋಸಿದ ಮನೆ ಇನ್ನೊಂದಿರಲಿಲ್ಲ.

ಈ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ಜಕ್ಕಪ್ಪನ ಮಗ ಗಿರಮಲ್ಲಪ್ಪನ ಮೀನಖಂಡದಲ್ಲಿ ಬೊಕ್ಕೆ ಎದ್ದಿತು.

ಕುರಿಯ ಹಿಂದೆ ಗುಡ್ಡ ಗುಡ್ಡ ಹತ್ತುತ್ತಿದ್ದ ಗಂಡಸು ಹೊರಸಿಗೆ ಬಿದ್ದ. ಹುಳದ ತುದಿಯನ್ನು ಕಡ್ಡಿಪೆಟ್ಟಿಗೆಯ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟೇ ಇಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಪೂರ್ತಿ ಕೀವಾಗುತ್ತದೆ. ಹಣಮವ್ವ ಮುಂಜಾನೆ ರೊಟ್ಟಿ ಬಡಿದು ಕೈ ತೊಳೆದು, ಗಂಡನ ಕಾಲಿನ ಮುಂದೆ ಕೂತು ಕಡ್ಡಿ ಸುತ್ತುತ್ತಿದ್ದಳು. ನೂಲುವುದು ಹಾಲುಮತದವರ ಹೆಂಗಸರಿಗೆ ಕಲಿಸಬೇಕಾದ ಕೆಲಸವಲ್ಲ. ಆದರೆ ಗಂಡನ ಕಾಲಿನಿಂದ ನೂಲು ತೆಗೆದವಳು ಅವಳ ಮನೆತನದಲ್ಲಿ ಅವಳೇ ಮೊದಲು.

ಕುರಿ ಹಿಂದೆ ಯಾರು ಹೋಗಬೇಕು ಎಂಬ ಮಾತು ಅವನು ಹೊರಸಿಗೆ ಬಿದ್ದ ದಿನ ಸಂಜೆ ಊಟಕ್ಕೆ ಕೂತಾಗ ಬಂತು. ಪರಾತದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಇತ್ತು. ಸಾತವ್ವ ಮೊಮ್ಮಗಳು ಬೀರವ್ವನ ಕಡೆ ನೋಡಿದಳು. ಹುಡುಗಿ ಮೂರನೆಯ ಇಯತ್ತೆ, ಪರೀಕ್ಷೆ ಹತ್ತಿರ ಬಂದಿತ್ತು, ಮಗ್ಗಿ ಗುಣುಗುತ್ತ ರೊಟ್ಟಿ ಮುರಿಯುತ್ತಿತ್ತು.

"ಅಕಿ ಹೋಗಲಿ. ಸಾಲಿ ಎಲ್ಲಿ ಓಡಿ ಹೋಗತೈತಿ?" ಎಂದಳು ಸಾತವ್ವ.

"ಸಾಲಿ ಓಡಿ ಹೋಗಂಗಿಲ್ರಿ ಅತ್ತಿ. ಒಮ್ಮಿ ಕುರಿ ಹಿಂದ ಹೋದ ಹುಡುಗಿ ತಿರುಗಿ ಸಾಲಿಗೆ ಬಂದದ್ದು ನಾ ನೋಡಿಲ್ಲ. ನಾನೂ ಹಂಗ ಹೋದಾಕಿ," ಎಂದಳು ಹಣಮವ್ವ.

"ಅದಕ್ಕ ಏನ ಕಡಿಮಿ ಆಗೇತಿ ನಿನಗ?"

ಹಣಮವ್ವ ಏನು ಕಡಿಮೆಯಾಗಿದೆ ಎಂದು ಹೇಳಲು ಶುರು ಮಾಡಿದ್ದರೆ ಬೆಳಗಾಗುತ್ತಿತ್ತು. ಅಷ್ಟರಲ್ಲಿ ಜಕ್ಕಪ್ಪ ಗಂಗಾಳದಲ್ಲಿ ಕೈ ತೊಳೆದುಕೊಂಡ. ತಾನೇ ಹೋಗುವುದಾಗಿ, ಹುಡುಗಿಯ ತಂಟೆಗೆ ಯಾರೂ ಹೋಗಕೂಡದೆಂದು ಹೇಳಿದ. ವಯಸ್ಸಾದ ಮೇಲೆ ಗುಡ್ಡ ಬಿಟ್ಟು ಕಟ್ಟೆ ಹಿಡಿದವನು ಹೀಗೆ ಅಂದದ್ದು ಹಣಮವ್ವನಿಗೆ ಆಶ್ಚರ್ಯ. ಮಾವನ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲ ಸಲ.

ಮರುದಿನದಿಂದ ಮುದುಕ ಕುರಿ ಹಿಂದೆ ಹೊರಟ. ಬಲಗಾಲಿನ ಹಿಮ್ಮಡಿಯ ಮೇಲೆ ಕಂಬಳಿಯ ಚೂರು ಸುತ್ತಿಕೊಂಡಿದ್ದ. ಕೇಳಿದರೆ ಮುಳ್ಳು ಚುಚ್ಚಿದೆ ಎಂದ. ಕುರುಬನ ಕಾಲಿಗೆ ಮುಳ್ಳು ಚುಚ್ಚುವುದು ಸುದ್ದಿಯಲ್ಲ.

ನರ್ಸಬಾಯಿ ಶಿವಗಂಗವ್ವ ಮತ್ತೆ ಬಂದಳು. ಗಿರಮಲ್ಲಪ್ಪನ ಕಾಲು ತೊಳೆದು ಪಟ್ಟಿ ಕಟ್ಟಿ, ನೀರು ಸೋಸುತ್ತಿದ್ದೀರಾ ಎಂದು ಕೇಳಿದಳು. ಆಗ ಮನೆಯಲ್ಲಿದ್ದ ಜಕ್ಕಪ್ಪ ಎದ್ದು ಹೋಗಿ ಕಂಬಳಿ ಕಟ್ಟಿದ ಕೊಡವನ್ನೇ ತಂದು ಅವಳ ಮುಂದೆ ಇಟ್ಟ. ಮಂತ್ರಿಗೆ ಹಾರ ಹಾಕುವವನ ಮುಖ ಇತ್ತು ಅವನದು.

ಅವಳು ಕೊಡದ ನೀರನ್ನು ಒಂದು ಗಾಜಿನ ಬಾಟಲಿಗೆ ತುಂಬಿ ಅಂಗಳದ ಬಿಸಿಲಿಗೆ ಹಿಡಿದಳು. ಎಲ್ಲರೂ ಕತ್ತು ಚಾಚಿದರು. ನೀರಿನಲ್ಲಿ ಬಿಳಿ ಚುಕ್ಕೆಗಳು ಸಣ್ಣಗೆ ಜಿಗಿಯುತ್ತಿದ್ದವು, ಯಾರಿಗೂ ಹೆದರದೆ.

"ಯಜ್ಜಾ, ಹಾರಾಕತ್ತಾವ," ಎಂದಿತು ಬೀರವ್ವ.

ಉಣ್ಣೆಯ ನೂಲು ದಪ್ಪ, ನೇಯ್ಗೆ ಸಡಿಲ, ಅದರ ಸಂದಿನಲ್ಲಿ ಇವು ಮೆರವಣಿಗೆ ಮಾಡಿಕೊಂಡು ಹೋಗುತ್ತವೆ ಎಂದು ಶಿವಗಂಗವ್ವ ತಿಳಿಸಿ ಹೇಳಿದಳು. ತಾನು ಕೊಟ್ಟ ಬಟ್ಟೆ ಎಲ್ಲಿ ಎಂದಳು. ಯಾರೂ ಜಗಲಿಯ ಕಡೆ ನೋಡಲಿಲ್ಲ.

"ಕಂಬಳಿಗೆ ಮೈಲಿಗಿ ಇಲ್ರಿ ಬಾಯಾರ," ಎಂದ ಜಕ್ಕಪ್ಪ.

"ಕಂಬಳಿಗೆ ಇಲ್ಲರೀ ಯಜ್ಜಾರ. ನೀರಿಗೆ ಐತಿ."

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಹುಳ ಹೊರಬಿದ್ದ ಕಾಲನ್ನು ಯಾರೂ ಬಾವಿಯಲ್ಲಿ ಇಳಿಸಬಾರದು. ನೀರು ಸೋಂಕಿದರೆ ಹುಳ ಸಾವಿರಾರು ಮರಿ ಬಿಡುತ್ತದೆ, ಒಬ್ಬನ ಕಾಲಿನಿಂದ ಊರಿಗೆಲ್ಲ ಬರುತ್ತದೆ. ಎಲ್ಲರೂ ಗಿರಮಲ್ಲಪ್ಪನನ್ನು ನೋಡಿದರು. ಜಕ್ಕಪ್ಪ ಮಾಳಿಗೆಯ ಜಂತಿ ನೋಡುತ್ತಿದ್ದ.

ಆ ವಾರ ಹಣಮವ್ವ ಬಟ್ಟೆಯನ್ನು ಇಳಿಸಲು ಹೋದಳು. ದೇವರ ಪರದೆಗೆ ಕೈ ಹಚ್ಚಿದರೆ ಕೈ ಸೆಟೆದು ಹೋಗುತ್ತದೆ ಎಂದು ಸಾತವ್ವ ಜಗಲಿಗೆ ಅಡ್ಡ ನಿಂತಳು. ಅತ್ತೆ ಸೊಸೆ ಎರಡು ದಿನ ಮಾತು ಬಿಟ್ಟರು. ಬೇಕಾದ ಮಾತನ್ನೆಲ್ಲ ಬೆಕ್ಕಿಗೆ ಹೇಳಿದರು. ಉಪ್ಪು ಕಡಿಮೆಯಾದದ್ದು, ಹಿಟ್ಟು ತೀರಿದ್ದು, ಮಗನಿಗೆ ಬಿಸಿ ನುಚ್ಚು ಬೇಕಾದದ್ದು, ಮನೆಯ ಆಗುಹೋಗೆಲ್ಲ ಬೆಕ್ಕಿಗೆ ತಿಳಿಯಿತು. ಅದು ಎಲ್ಲವನ್ನೂ ಕೇಳಿಸಿಕೊಂಡು ಒಲೆಯೊಳಗೆ ಹೋಗಿ ಮಲಗಿತು.

ಈ ನಡುವೆ ಜಕ್ಕಪ್ಪನಿಗೆ ಭಕ್ತಿ ಏರಿತ್ತು. ಕುರಿ ಬಿಡುವ ಮೊದಲೊಮ್ಮೆ, ಕುರಿ ದೊಡ್ಡಿಗೆ ಹೊಡೆದ ಮೇಲೊಮ್ಮೆ, ಬೀರಪ್ಪನ ನೀರಿಗೆಂದು ತಂಬಿಗೆ ಹಿಡಿದು ಬಾವಿಗೆ ಹೋಗುತ್ತಿದ್ದ. ಹೋದವನು ಬೇಗ ಬರುತ್ತಿರಲಿಲ್ಲ. ಮೊದಲು ಅಮಾವಾಸ್ಯೆಗೆ ಮೈ ತೊಳೆಯುತ್ತಿದ್ದ ದೇವರು ಈಗ ದಿನಕ್ಕೆರಡು ಸಲ ತೊಯ್ದು ನೆಗಡಿ ಬರುವ ಸ್ಥಿತಿಯಲ್ಲಿದ್ದ.

ಒಂದು ಮುಂಜಾನೆ ಹಣಮವ್ವ ಬೇಳೆಯ ನೀರಿಗೆಂದು ಬಾವಿಗೆ ಹೋದಳು. ಕೆಳಗಿನ ಮೆಟ್ಟಿಲಲ್ಲಿ ಮಾವ ಕೂತಿದ್ದ. ತಂಬಿಗೆ ಪಕ್ಕದಲ್ಲಿ ಒಣಗಿತ್ತು. ಕಂಬಳಿಯ ಚೂರು ಬಿಚ್ಚಿ ಕಲ್ಲಿನ ಮೇಲೆ ಹಾಕಿದ್ದ. ಎರಡೂ ಕಾಲು ಹರಡಿನ ತನಕ ನೀರಿನಲ್ಲಿದ್ದವು. ಕಣ್ಣು ಮುಚ್ಚಿದ್ದ, ಮುಖದ ಮೇಲೆ ಮಗುವಿನ ಸುಖ ಇತ್ತು. ತಿಳಿ ನೀರಿನಲ್ಲಿ ಬಲ ಹಿಮ್ಮಡಿಯಿಂದ ಒಂದು ಬಿಳಿ ನೂಲು ಅತ್ತಿತ್ತ ತೇಲುತ್ತಿತ್ತು.

"ಮಾವಾರ, ಕಾಲ ಮ್ಯಾಲ ತಗೀರಿ."

ಜಕ್ಕಪ್ಪ ಕಣ್ಣು ತೆರೆದ. "ಮುಳ್ಳ ಚುಚ್ಚೇತಿ," ಎಂದ.

"ಮುಳ್ಳ ನೂಲಿನಂಗ ಜೋತಾಡತಾವೇನ್ರಿ?"

ಮುದುಕ ಕಾಲು ಮೇಲೆತ್ತಿಕೊಂಡ. ನೂಲು ಹಿಮ್ಮಡಿಗೆ ಅಂಟಿಕೊಂಡಿತು. ಅವನು ಕಂಬಳಿ ಚೂರನ್ನು ಕೈಗೆ ತೆಗೆದುಕೊಂಡು, ಸುತ್ತಿಕೊಳ್ಳದೆ ಸುಮ್ಮನೆ ಹಿಡಿದ.

"ಉರಿ ತಡಕೊಳ್ಳಾಕ ಆಗಂಗಿಲ್ಲವಾ. ನೀರಾಗ ಇಟ್ಟಷ್ಟ ಹೊತ್ತ ತಣ್ಣಗ ಇರತೈತಿ."

"ಎಂದಿನಿಂದ?"

"ಗಿರಮಲ್ಲಂದು ಏಳೂಕಿಂತ ಮೊದಲ."

ಹಣಮವ್ವ ಕೊಡ ಕೆಳಗಿಟ್ಟಳು. ಕಾಲಿನಲ್ಲಿ ಹುಳ ಇಟ್ಟುಕೊಂಡು ಈ ಮನುಷ್ಯ ಗುಡ್ಡ ಹತ್ತಿದ್ದಾನೆ. ದಿನಾ ಈ ಬಾವಿಯಲ್ಲಿ ಇಳಿದಿದ್ದಾನೆ. ಇದೇ ನೀರು ಮನೆಗೆ ಹೋಗಿದೆ. ಮನೆಯಿಂದ ತೀರ್ಥವಾಗಿ ಓಣಿಗೆ ಹೋಗಿದೆ.

"ನರ್ಸಬಾಯಾರು ಹೇಳಿದ್ದು ಕೇಳಿದ್ರಿಲ್ಲೋ ನೀವು?"

"ಕೇಳೀನಿ."

"ಮತ್ತ?"

"ನಾನೂ ಬಿದ್ರ ಹುಡುಗಿ ಕುರಿ ಹಿಂದ ಹೋಗಬೇಕಾಗತಿತ್ತು. ಅದಕ್ಕ ಬಾಯಿ ಬಿಡಲಿಲ್ಲ."

ಹಣಮವ್ವನಿಗೆ ಸಿಟ್ಟು ಬಂದಿತ್ತು, ಇಡಲು ಜಾಗ ಸಿಗಲಿಲ್ಲ.

"ಸಾಲಿ ಉಳಿಸಿದ್ರಿ," ಎಂದಳು ಕೊನೆಗೆ. "ಈ ನೀರ ಅಕಿನೂ ಕುಡದಾಳ್ರಿ."

ಕಂಬಳಿಯಲ್ಲಿ ಸೋಸಿ ಕೊಟ್ಟಿದ್ದೇನಲ್ಲ ಎನ್ನಲು ಮುದುಕನ ತುಟಿ ಅಲುಗಿತು. ಬಾಟಲಿಯಲ್ಲಿ ಜಿಗಿಯುತ್ತಿದ್ದ ಚುಕ್ಕೆಗಳು ನೆನಪಾದವೋ ಏನೋ, ಅವನು ಕಂಬಳಿ ಚೂರನ್ನು ಹಿಮ್ಮಡಿಗೆ ಸುತ್ತತೊಡಗಿದ. ಹಣಮವ್ವ ಖಾಲಿ ಕೊಡ ಎತ್ತಿಕೊಂಡು ಸಾಲಿಯ ಕಡೆ, ಬೋರಿಂಗಿಗೆ ಹೋದಳು.

ಅಂದಿನ ಊಟಕ್ಕೆ ಬೇಳೆ ಹಲ್ಲಿಗೆ ಸಿಗುತ್ತಿತ್ತು. ಸಾತವ್ವ ಒಂದು ತುತ್ತು ಬಾಯಿಗಿಟ್ಟು ಇದೇನು ಹರಳು ಕುದಿಸಿದ್ದಾಳೇನು ಎಂದು ಬೆಕ್ಕಿಗೆ ಕೇಳಿದಳು. ಆಗ ಜಕ್ಕಪ್ಪ ಗಂಗಾಳ ಸರಿಸಿ, ಬಲಗಾಲನ್ನು ದೀಪದ ಮುಂದೆ ಚಾಚಿ, ಸುತ್ತಿದ್ದನ್ನು ಬಿಚ್ಚಿದ. ಬಾವಿಗೆ ಇಳಿದದ್ದನ್ನೂ ತಾನೇ ಹೇಳಿದ. ಹೊರಸಿನ ಮೇಲಿನ ಗಿರಮಲ್ಲಪ್ಪ ಗೋಡೆಯ ಕಡೆ ಹೊರಳಿದ. ಸಾತವ್ವ ತುತ್ತು ನುಂಗುವುದನ್ನು ಮರೆತಳು.

"ಹಂಗಾರ ಹುಡುಗಿ ಹೋಗಬೇಕ," ಎಂದಳು ಸಾತವ್ವ ಮೆಲ್ಲಗೆ.

"ನಾ ಹೊಕ್ಕೀನಿ," ಎಂದಳು ಹಣಮವ್ವ.

"ಏ ಹಣಮೀ, ಮನಿ ಸೊಸಿ ಕೋಲ ಹಿಡದು ಕುರಿ ಹಿಂದ ಹೋದ್ರ ಮಂದಿ ಏನ ಅಂತಾರ?"

"ಮಂದಿ ಅನಕೋತ ಇರಲಿ. ಕುರಿ ಏನರ ಅಂದ್ರ ಹೇಳ್ರಿ, ಬಿಟ್ಟ ಬಿಡತೀನಿ."

"ಅಡಿಗಿ?"

"ನೀವ ಮಾಡ್ರಿ."

"ನೀರ?"

"ಬೋರಿಂಗಿಂದು."

ಗಂಡನ ಕಾಲಿನಲ್ಲಿ ಹುಳ ನೋಡಿದಾಗ ತಡೆದುಕೊಂಡ ಸಾತವ್ವ ಈ ಮಾತಿಗೆ ಗೋಡೆಗೆ ಒರಗಿದಳು.

ಹಣಮವ್ವ ಎದ್ದು ಕೈ ತೊಳೆದಳು. ಜಗಲಿಯ ಮುಂದೆ ನಿಂತು, ಬೀರಪ್ಪನಿಗೆ ಕೈ ಮುಗಿದು, ಪರದೆಯ ಗಂಟು ಬಿಚ್ಚಿದಳು. ಈ ಸಲ ಅತ್ತೆ ಅಡ್ಡ ಬರಲಿಲ್ಲ. ಕೈ ಸೆಟೆಯಲೂ ಇಲ್ಲ.

ಮರುದಿನ ಜಕ್ಕಪ್ಪ ಕುಂಟುತ್ತ ಹೋಗಿ ಬಾವಿಯ ಮೆಟ್ಟಿಲಿಗೆ ಜಾಲಿ ಮುಳ್ಳು ಬಡಿದ. ನೀರಿಗೆ ಬಂದ ಚನಮಲ್ಲಪ್ಪ, ಬಾವಿ ನಿಮ್ಮಪ್ಪನದೇನು ಎಂದು ಕೊಡ ಕುಕ್ಕಿದ. ಮಂದಿ ಸೇರಿತು. ಸಾಮಾನ್ಯವಾಗಿ ಒಂದು ಮಾತಿಗೆ ಹತ್ತು ಮಾತು ಕೊಡುವ ಜಕ್ಕಪ್ಪ ಅಂದು ಕಾಲು ತೋರಿಸಿದ. ಎಷ್ಟು ದಿನ ಇಳಿದಿದ್ದೇನೆ ಎಂಬುದನ್ನೂ ಹೇಳಿದ. ಚನಮಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿದ, ಅವನ ಹಿಂದಿದ್ದವರು ಎರಡು. ಆ ಹುಣ್ಣಿಮೆಗೆ ಬೀರಪ್ಪನ ಗುಡಿಯಲ್ಲಿ ಜಕ್ಕಪ್ಪ ತೀರ್ಥದ ತಂಬಿಗೆ ಹಿಡಿದು ನಿಂತ. ನೈಲಾನ್ ಬಟ್ಟೆಯಲ್ಲಿ ಸೋಸಿದ ತೀರ್ಥ. ಕಾಯಿ ಒಡೆಸಿದರು, ಭಂಡಾರ ಹಚ್ಚಿಕೊಂಡರು, ಕೈ ಮಾತ್ರ ಯಾರೂ ಚಾಚಲಿಲ್ಲ. ಅವನು ತಂಬಿಗೆಯ ನೀರನ್ನು ಗುಡಿಯ ಮುಂದಿನ ಬೇವಿನ ಬುಡಕ್ಕೆ ಹಾಕಿ ಮನೆಗೆ ಬಂದು, ಅಂದು ಊಟ ಮಾಡಲಿಲ್ಲ.

ಹಣಮವ್ವ ಮಾವನ ಕಂಬಳಿ ಹೊದ್ದು, ಕೋಲು ಹಿಡಿದು ಗುಡ್ಡಕ್ಕೆ ಹೋಗತೊಡಗಿದಳು. ಹೆಂಗಸಿನ ಮಾತು ಕೇಳಿ ನಡೆಯಲು ಮೊದಲ ದಿನ ಟಗರು ಒಂದು ಆಕ್ಷೇಪ ತೆಗೆಯಿತು. ಕೋಲಿನಿಂದ ಒಂದು ಕೊಟ್ಟ ಮೇಲೆ ಅದರ ವಿಚಾರ ಬದಲಾಯಿತು. ಸಂಜೆ ಕಾಲು ಊದಿಸಿಕೊಂಡು ಬಂದು, ಗಂಡನ ಕಡ್ಡಿ ಒಂದು ಸುತ್ತು, ಮಾವನ ಕಡ್ಡಿ ಒಂದು ಸುತ್ತು ತಿರುವುತ್ತಿದ್ದಳು.

ಮನೆಯ ಸುದ್ದಿ ಅವಳಿಗೆ ಬೀರವ್ವನಿಂದ ತಿಳಿಯುತ್ತಿತ್ತು. ಸಾತವ್ವ ಬೋರಿಂಗಿನ ನೀರಿಗೆ ಬೇಳೆ ಹಾಕಿ, ಮುಂಜಾನೆಯಿಂದ ಊದಿ ಊದಿ, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳಂತೆ. ಸೊಸೆ ಬಣವೆ ಒಟ್ಟಿದ್ದ ಕಟ್ಟಿಗೆ ವಾರದಲ್ಲಿ ಅರ್ಧ ಕರಗಿತು. ಈಗ ಗುಡ್ಡಕ್ಕೆ ಹೋಗಿ ಕಟ್ಟಿಗೆ ತರುವವರು ಯಾರೂ ಇರಲಿಲ್ಲ. ತರಬೇಕೆಂದರೆ ಸಾತವ್ವನೇ ತರಬೇಕು. ಒಂದು ದಿನ ತಂದಳು ಕೂಡ. ಮರುದಿನ ಬೆಕ್ಕಿಗೆ ಮನೆ ಖಾಲಿ ಮಾಡುವಂತೆ ಹೇಳಿದಳು. ಬೆಕ್ಕು ಕೇಳಲಿಲ್ಲ, ಮರಿಗಳನ್ನು ಬುಟ್ಟಿಯಲ್ಲಿ ಹಾಕಿ ಹೊರಗಿಟ್ಟು, ಸಣ್ಣ ಬಾಯಿಯ ಒಲೆಯಲ್ಲಿ ಗೇಣುದ್ದದ ಕಟ್ಟಿಗೆ ಇಟ್ಟು ಬೆಂಕಿ ಹಚ್ಚಿದಳು.

ಆ ಸಂಜೆ ಹಣಮವ್ವ ಬಂದಾಗ ಅಡಿಗೆಮನೆಯಲ್ಲಿ ಹೊಗೆ ಇರಲಿಲ್ಲ. ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅವಳು ಅಂದುಕೊಂಡಳು.

"ಬ್ಯಾಳಿ ಇನ್ನೂ ಗಟ್ಟೀನ ಅದಾವ," ಎಂದಳು ಸಾತವ್ವ, ನೇರವಾಗಿ ಸೊಸೆಗೇ. "ಕಟ್ಟಿಗಿ ಮಾತ್ರ ಉಳಿದೈತಿ. ಉಣ್ಣ ಬಾ."

ಜಕ್ಕಪ್ಪ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದ. ಕಾಲು ಚಾಚಿಕೊಂಡು ಅಂಗಳದಲ್ಲಿ ಕೂತು ಆಡಿನ ಕೂದಲಿನ ಹಗ್ಗ ಹೊಸೆಯುತ್ತಿದ್ದ. ಕಾಲಿಡದೆ ಮೇಲಿನಿಂದಲೇ ನೀರು ಸೇದಿದರೆ ಯಾರ ಕಾಲಿನದೂ ಭಯ ಇಲ್ಲ ಎಂಬುದು ಅವನ ಲೆಕ್ಕ. ನೂಲಿನ ಹಗ್ಗ ನೀರಿನಲ್ಲಿ ಕೊಳೆಯುತ್ತದೆ, ಕೊಳ್ಳಬೇಕು. ಕೂದಲಿನದು ಕೊಳೆಯುವುದಿಲ್ಲ, ಮನೆಯಲ್ಲೇ ಬೆಳೆಯುತ್ತದೆ. ಮೊದಲ ಸಲ ಹಗ್ಗ ಗಿಡ್ಡಾಯಿತು. ಕೊಡ ನೀರಿಗಿಂತ ಒಂದು ಮೊಳ ಮೇಲೆ ಜೋತಾಡುತ್ತ ನಿಂತಿತು. ನೋಡಲು ಬಂದವರು ನಕ್ಕರು. ಬಾವಿಯ ನೀರೂ ಸ್ವಲ್ಪ ಅಲುಗಿತು, ನಕ್ಕದ್ದೇ ಇರಬೇಕು. ಅವನು ಓಣಿಯ ಆಡುಗಳನ್ನೆಲ್ಲ ಬೋಳಿಸಿ ಮತ್ತೆ ಹೊಸೆಯಲು ಕೂತ. ಯುಗಾದಿಯ ಹಿಂದಿನ ದಿನ ಹಗ್ಗ ನೀರು ಮುಟ್ಟಿತು. ಮೊದಲ ಕೊಡ ಸೇದಿದವನು ಚನಮಲ್ಲಪ್ಪ. ಹಗ್ಗ ಕೈಗೆ ಚುಚ್ಚುತ್ತದೆ ಎಂದ, ಎರಡನೆಯ ಕೊಡವನ್ನೂ ಸೇದಿದ. ಜಕ್ಕಪ್ಪನ ಕೂಡ ಮಾತಾಡಲಿಲ್ಲ.

ಬೇವು ಬೆಲ್ಲದ ಹೊತ್ತಿಗೆ ಗಿರಮಲ್ಲಪ್ಪನ ಹುಳ ಪೂರ್ತಿ ಹೊರಬಂತು. ಅದರ ಉದ್ದವನ್ನು ಓಣಿಯವರು ಈಗಲೂ ಹೇಳುತ್ತಾರೆ, ಹೇಳಿದಷ್ಟು ಸಲವೂ ಅದು ಬೆಳೆಯುತ್ತದೆ. ಅವನು ಕೋಲೂರಿ ನಡೆಯತೊಡಗಿದ, ಆದರೆ ಹಿಮ್ಮಡಿ ನೆಲಕ್ಕೆ ಮೊದಲಿನ ಹಾಗೆ ಊರಲಿಲ್ಲ. ಬೀರವ್ವನ ಪರೀಕ್ಷೆ ಮುಗಿದು, ಹುಡುಗಿ ಪಾಸಾಯಿತು. ಹಣಮವ್ವ ಕುರಿ ಕಾಯುವುದನ್ನು ಬಿಡಲಿಲ್ಲ; ಬಿಡುವ ಹಾಗೂ ಇರಲಿಲ್ಲ.

ಪಾಸಾದ ಮರುದಿನ ಮುಂಜಾನೆ ಅವಳು ಬಾಗಿಲಲ್ಲಿ ಕೂತು, ಹಗ್ಗದಿಂದ ಸೇದಿದ ಬಾವಿಯ ನೀರನ್ನು ದೇವರ ಪರದೆಯಲ್ಲಿ ಸೋಸುತ್ತಿದ್ದಳು. ಅಂಗಳದಲ್ಲಿ ಹುಡುಗಿ ಅಜ್ಜನ ಪಕ್ಕ ಕೂತು ಬೆಳಿಗ್ಗೆಯ ರೊಟ್ಟಿ ತಿನ್ನುತ್ತಿತ್ತು.

"ಯಜ್ಜಾ, ಹೋದ ವರ್ಷ ಕುಡದದ್ದು ಈ ವರ್ಷ ಬಂತಲ್ಲ ನಿಮಗ. ಈ ವರ್ಷ ನಾ ಕುಡದೇನಿ. ಹಂಗಾರ ಮುಂದಿನ ವರ್ಷ ನನಗ ಬರತೈತೇನ?"

ಹಣಮವ್ವನ ಕೈಯಲ್ಲಿ ಕೊಡ ನಿಂತಿತು. ಇದೇ ಮಾತನ್ನು ಅವಳು ಬಾವಿಯ ಮೆಟ್ಟಿಲಿನಿಂದ ಇಲ್ಲಿಯ ತನಕ ಮನೆಯಲ್ಲಿ ಯಾರ ಮುಂದೂ ಆಡದೆ ಹೊತ್ತು ತಿರುಗಿದ್ದಳು. ನರ್ಸಬಾಯಿಯನ್ನು ಕೇಳಿದ್ದಳು, ಒಳಗೆ ಹೋದ ಹುಳಕ್ಕೆ ಔಷಧ ಇಲ್ಲ, ಹೋಗಿದೆಯೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ ಎಂದಿದ್ದಳು ಅವಳು.

ಯಾವ ಪ್ರಶ್ನೆಗೂ ಸೋತವನಲ್ಲ ಜಕ್ಕಪ್ಪ. ಮಳೆ ಯಾವಾಗ ಬರುತ್ತದೆ ಎಂದರೂ ಹೇಳುತ್ತಿದ್ದ, ಬರದಿದ್ದರೆ ಏಕೆ ಬರಲಿಲ್ಲ ಎಂದೂ ಹೇಳುತ್ತಿದ್ದ. ಈ ಪ್ರಶ್ನೆಗೆ ಅವನು ಹುಡುಗಿಯ ಹತ್ತಿರ ಸರಿದು ಕೂತ. ಓಣಿಯೆಲ್ಲ ಒಂದು ಕಾಲದಲ್ಲಿ ಪಾದ ಮುಟ್ಟುತ್ತಿದ್ದ ಆ ಪೂಜಾರಿ, ಹುಡುಗಿಯ ಕಾಲೊಂದನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ತಂಬಿಗೆಯ ನೀರಿನಿಂದ ಧೂಳು ತೊಳೆದು, ಬೆರಳ ಸಂದಿ, ಹಿಮ್ಮಡಿ, ಮೀನಖಂಡ ಒತ್ತಿ ಒತ್ತಿ ನೋಡಿದ. ಆಮೇಲೆ ಇನ್ನೊಂದು ಕಾಲು ಎತ್ತಿಕೊಂಡ.

"ಕಚಗುಳಿ ಆಕ್ಕೈತಿ ಬಿಡೋ ಯಜ್ಜಾ," ಎಂದು ಹುಡುಗಿ ನಕ್ಕಿತು.

ಅವನು ಬಿಡಲಿಲ್ಲ. ಅಂದಿನಿಂದ ದಿನಾ ಮುಂಜಾನೆ ಅದೇ ಅವನ ಪೂಜೆಯಾಯಿತು. ಹಣಮವ್ವ ನೀರು ಸೋಸಿ ಮುಗಿಸಿ, ಬಟ್ಟೆ ಹಿಂಡಿ ಬಿಸಿಲಿಗೆ ಹಾಕಿ, ಕೋಲು ತೆಗೆದುಕೊಂಡು ದೊಡ್ಡಿಯ ಕಡೆ ನಡೆದಳು. ಒಳಗೆ ಜಗಲಿಯ ಮೇಲೆ ಬೀರಪ್ಪ, ಪರದೆ ಹೋದಾಗಿನಿಂದ ನೊಣ ಓಡಿಸಿಕೊಳ್ಳಲೂ ಆಗದೆ, ಎಲ್ಲವನ್ನೂ ಬರಿಗಣ್ಣಿನಿಂದ ನೋಡುತ್ತ ಕೂತಿದ್ದ. ಮುಂದಿನ ಶಿವರಾತ್ರಿಯ ತನಕ ಕಾಯುವುದು ಬಿಟ್ಟರೆ ಅವನಿಗೂ ಬೇರೆ ಕೆಲಸ ಇರಲಿಲ್ಲ.